ಬೆಳಿಗ್ಗೆ ಕಾಫಿ, ಸಂಜೆ ಕಾಕ್‌ಟೇಲ್: ಫ್ರೆಂಚ್ ಶೈಲಿಯ ಬೀದಿಮೂಲೆ ಕೆಫೆ-ಬಾರ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಪ್ಯಾರಿಸ್ಸಿನ ಸಾಧಾರಣ ಕೆಫೆಯೊಂದರ ಬಾಗಿಲು ಬೆಳಿಗ್ಗೆ ಏಳಕ್ಕೆಲ್ಲ ತೆರೆದಿರುತ್ತದೆ. ಕೆಲಸಕ್ಕೆ ಹೊರಟವರು ಕೌಂಟರಿಗೆ ಒರಗಿ ನಿಂತು ಎರಡು ಗುಟುಕಿನ ಕಾಫಿ ಕುಡಿದು ಹೋಗುತ್ತಾರೆ. ಹತ್ತರ ಹೊತ್ತಿಗೆ ಪತ್ರಿಕೆ ಹಿಡಿದ ಹಿರಿಯರು, ಮಧ್ಯಾಹ್ನ ಊಟದವರು, ನಾಲ್ಕೂವರೆಗೆ ಶಾಲೆ ಬಿಟ್ಟ ಮಕ್ಕಳನ್ನು ಕರೆತಂದವರು, ಆರು ದಾಟಿದ ಮೇಲೆ ವೈನ್ ಗ್ಲಾಸು ಹಿಡಿದ ಗೆಳೆಯರು. ಮೇಜು ಅದೇ, ಕೌಂಟರ್ ಅದೇ, ಎಷ್ಟೋ ಸಲ ಮುಖಗಳೂ ಅವೇ. 1686ರಲ್ಲಿ ಸಿಸಿಲಿಯ ಪ್ರೊಕೊಪಿಯೊ ಎಂಬಾತ ಪ್ಯಾರಿಸ್ಸಿನಲ್ಲಿ ‘ಪ್ರೊಕೋಪ್’ ಕೆಫೆ ತೆರೆದಂದಿನಿಂದ ಇಂದಿನವರೆಗೆ ಈ ಬಗೆಯ ಜಾಗಗಳನ್ನು ಉಳಿಸಿರುವುದು ದಿನವಿಡೀ ಒಂದೇ ಸೂರಿನಡಿ ಬದಲಾಗುತ್ತ ಹೋಗುವ ಈ ಲಯ.

ಆದ್ದರಿಂದ ಫ್ರೆಂಚ್ ಶೈಲಿಯ ಕೆಫೆ-ಬಾರ್ ತೆರೆಯಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು: ಗೋಪುರದ ಚಿತ್ರ, ಕೆಂಪು ಛಾವಣಿಬಟ್ಟೆ, ಅಕಾರ್ಡಿಯನ್ ಸಂಗೀತ ಎಲ್ಲವನ್ನೂ ಪಕ್ಕಕ್ಕಿಡಿ. ಬೆಳಿಗ್ಗೆ ಕಾಫಿಗೆ ಬಂದವರಿಗೆ ಸಂಜೆ ಮತ್ತೊಮ್ಮೆ ಬರಬೇಕು ಅನ್ನಿಸುತ್ತದೆಯೇ? ಮುಂದಿನ ಪ್ರತಿ ತೀರ್ಮಾನವನ್ನೂ ಈ ಒಂದು ಪ್ರಶ್ನೆಯ ಒರೆಗೆ ಹಚ್ಚಿ. ಕುರ್ಚಿಯಿಂದ ಹಿಡಿದು ಐಸಿನವರೆಗೆ ಈ ಮಾರ್ಗದರ್ಶಿಯಲ್ಲಿ ಬರುವುದೆಲ್ಲವೂ ಅದಕ್ಕೆ ಉತ್ತರವೇ.

ಹೆಜ್ಜೆ 1: ಜಾಗ ಹಿಡಿಯುವ ಮೊದಲು ಬೀದಿಯನ್ನು ನೋಡಿ

ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಒಂದು ಕೆಲಸದ ದಿನ, ಒಂದು ರಜೆಯ ದಿನ ಆ ಬೀದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕುಳಿತು ನೋಡಿ. ಎಷ್ಟು ಜನ ಹಾದುಹೋದರು ಎಂಬುದಕ್ಕಿಂತ, ಬೆಳಿಗ್ಗೆ ಹೋದ ದಾರಿಯಲ್ಲೇ ಸಂಜೆ ಎಷ್ಟು ಜನ ನಡೆದು ಮರಳಿದರು ಎಂಬುದು ಮುಖ್ಯ. ಕಚೇರಿಗಳೇ ತುಂಬಿದ ಬೀದಿ ಸಂಜೆ ಏಳಕ್ಕೆ ಬರಿದಾಗುತ್ತದೆ. ಬರೀ ಬಾರುಗಳಿರುವ ಬೀದಿಗೆ ಬೆಳಗೇ ಇರುವುದಿಲ್ಲ. ಮನೆಗಳೂ ಸಣ್ಣ ಅಂಗಡಿಗಳೂ ಬೆರೆತಿರುವ ಬೀದಿ ಈ ವ್ಯಾಪಾರಕ್ಕೆ ಹೇಳಿ ಮಾಡಿಸಿದ್ದು. ಮೂಲೆಯ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು: ಎರಡು ಬದಿಯ ಬೆಳಕು, ಎರಡು ಬೀದಿಯ ನೋಟ, ಹೊರಗೆ ಎರಡು ಸಾಲು ಮೇಜು.

ಮದ್ಯದ ಪರವಾನಗಿಯ ವಿಚಾರವನ್ನೂ ಈ ಹಂತದಲ್ಲೇ ಇತ್ಯರ್ಥ ಮಾಡಿಕೊಳ್ಳಿ. ನಿಯಮಗಳು ಊರಿಂದ ಊರಿಗೆ ಬೇರೆ. ಕಟ್ಟಡದ ಬಳಕೆ, ಹೊರಗೆ ಮೇಜು ಹಾಕುವ ಅನುಮತಿ, ಮುಚ್ಚುವ ಸಮಯ ಇವೆಲ್ಲ ಅದಕ್ಕೆ ತಳಕು ಹಾಕಿಕೊಂಡಿರುತ್ತವೆ. ಫ್ರಾನ್ಸಿನಲ್ಲೇ ಮೂರನೆಯ ದರ್ಜೆಯ ಪರವಾನಗಿಯವರು ವೈನ್, ಬಿಯರ್ ಹಾಗೂ ಶೇ 18ರವರೆಗಿನ ಹಗುರ ಪಾನೀಯಗಳನ್ನು ಮಾತ್ರ ಕೊಡಬಹುದು. ಜಿನ್, ಕೊನ್ಯಾಕ್‌ನಂಥ ಭಟ್ಟಿ ಇಳಿಸಿದ ಮದ್ಯಕ್ಕೆ ನಾಲ್ಕನೆಯ ದರ್ಜೆ ಬೇಕು. ಇದರಿಂದ ಕಲಿಯುವುದೂ ಇದೆ. ನಿಮಗೆ ಪೂರ್ಣ ಪರವಾನಗಿ ಸಿಗದೆ ವೈನಿನದು ಮಾತ್ರ ಸಿಕ್ಕರೂ ಎದೆಗುಂದಬೇಕಿಲ್ಲ. ವರ್ಮೂತ್ (ಗಿಡಮೂಲಿಕೆ ಬೆರೆಸಿದ ವೈನ್) ಮತ್ತು ಇತರ ವೈನ್ ಆಧಾರಿತ ಪಾನೀಯಗಳಿಂದಲೇ ಚಂದದ ಪಟ್ಟಿಯೊಂದನ್ನು ಕಟ್ಟಬಹುದು. ಅದನ್ನು ಮುಂದೆ ನೋಡೋಣ.

ಹೆಜ್ಜೆ 2: ಕೌಂಟರನ್ನು ಮೊದಲು ನಿಲ್ಲಿಸಿ, ಉಳಿದದ್ದು ಅದರ ಸುತ್ತ

ಫ್ರೆಂಚ್ ಕೆಫೆಯ ಜೀವಾಳ ಅದರ ಕೌಂಟರ್. ಸತುವಿನ ತಗಡು ಹೊದಿಸಿದ ಈ ಕೌಂಟರನ್ನು ಫ್ರೆಂಚರು ‘ಜ಼ಿಂಕ್’ ಎಂದೇ ಕರೆಯುತ್ತಾರೆ. ಆದರೂ ಹಳೆಯ ಎಷ್ಟೋ ಕೌಂಟರುಗಳಿಗೆ ನಿಜವಾಗಿ ಹೊದಿಸಿರುವುದು ತವರದ ಮಿಶ್ರಲೋಹ. ನಿಮ್ಮ ಕೆಲಸಗಾರ ಯಾವುದನ್ನು ಬಳಸಿದರೂ ಒಂದು ವಿಷಯ ತಿಳಿದಿರಲಿ: ಸತುವಿನ ಮೇಲೆ ನಿಂಬೆರಸ ಅಥವಾ ವೈನ್ ಬಿದ್ದರೆ ಗುರುತು ಉಳಿಯುತ್ತದೆ. ಕಾಲಕ್ರಮೇಣ ಆ ಗುರುತುಗಳೆಲ್ಲ ಸೇರಿ ಬೂದುನೀಲಿ ಬಣ್ಣಕ್ಕೆ ತಿರುಗುತ್ತವೆ. ಕಲೆ ಕಂಡರೆ ಕಿರಿಕಿರಿಯಾಗುವ ಸ್ವಭಾವ ನಿಮ್ಮದಾಗಿದ್ದರೆ ಅಮೃತಶಿಲೆಗೂ ಹೋಗಬೇಡಿ, ಅದನ್ನೂ ಹುಳಿ ತಿನ್ನುತ್ತದೆ. ಗಟ್ಟಿ ಮರಕ್ಕೆ ಒಳ್ಳೆಯ ಲೇಪ ಹಾಕಿಸಿ ನೆಮ್ಮದಿಯಾಗಿರಿ.

ಗಿರಾಕಿಯ ಕಡೆ ಎತ್ತರ 105ರಿಂದ 110 ಸೆಂಟಿಮೀಟರ್ ಇರಲಿ. ನಿಂತು ಕುಡಿಯುವವರಿಗೂ ಎತ್ತರದ ಸ್ಟೂಲಿನ ಮೇಲೆ ಕೂರುವವರಿಗೂ ಇದು ಹೊಂದುತ್ತದೆ. ಒಳಬದಿಯಲ್ಲಿ ಕೆಲಸ ಮಾಡುವ ಮಟ್ಟ 90 ಸೆಂಟಿಮೀಟರ್ ಆಸುಪಾಸು, ಹಿಂದಿನ ಕಪಾಟಿಗೂ ಕೌಂಟರಿಗೂ ನಡುವೆ ಸುಮಾರು 90 ಸೆಂಟಿಮೀಟರ್ ಓಣಿ. ಇದಕ್ಕಿಂತ ಕಿರಿದಾದರೆ ಇಬ್ಬರು ಹಾದುಹೋಗಲಾರರು. ತೀರಾ ಅಗಲವಾದರೆ ಪ್ರತಿ ಸೀಸೆಗೂ ಎರಡು ಹೆಜ್ಜೆ ಹೆಚ್ಚು ನಡೆಯಬೇಕು, ರಾತ್ರಿಯ ಹೊತ್ತಿಗೆ ಆ ಹೆಜ್ಜೆಗಳ ಲೆಕ್ಕ ಮೊಣಕಾಲಿನಲ್ಲಿ ಗೊತ್ತಾಗುತ್ತದೆ.

ಕಾಫಿ ಯಂತ್ರ ಎಲ್ಲಿರಬೇಕು? ಹೆಚ್ಚಿನವರು ಅದನ್ನು ಕೌಂಟರಿನ ನಟ್ಟನಡುವೆ, ಗಿರಾಕಿಗೆ ಎದುರಾಗಿ ಇಡುತ್ತಾರೆ. ಬೆಳಿಗ್ಗೆ ಅದು ಚಂದವೇ. ಸಂಜೆ ಅದೇ ಯಂತ್ರ ಗಿರಾಕಿಗೂ ಬಾರ್‌ನವರಿಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಅದನ್ನು ಹಿಂದಿನ ಕಪಾಟಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರದ ತುದಿಯಲ್ಲಿ ಇಡಿ. ಕಾಫಿ ಕಟ್ಟಿಸಿಕೊಂಡು ಹೋಗುವವರ ಸಾಲು ಅಲ್ಲೇ ಮುಗಿಯುತ್ತದೆ. ಕೌಂಟರಿನ ಇನ್ನೊಂದು ತುದಿ ಕಾಕ್‌ಟೇಲಿನದು: ಐಸಿನ ತೊಟ್ಟಿ, ಅದರ ಎದೆಗೆ ತಾಗುವಂತೆ ದಿನಬಳಕೆಯ ಸೀಸೆಗಳ ಸಾಲು, ಎಡಕ್ಕೆ ತೊಳೆಯುವ ತೊಟ್ಟಿ, ಕಾಲಬುಡದಲ್ಲಿ ಗ್ಲಾಸು ತಂಪಾಗಿಡುವ ಪುಟ್ಟ ಫ್ರಿಜ್. ಒಬ್ಬರು ಪಾದ ಕದಲಿಸದೆ ಒಂದು ಪಾನೀಯವನ್ನು ಮೊದಲಿನಿಂದ ಕೊನೆಯವರೆಗೆ ಮಾಡಲು ಆಗಬೇಕು. ನಕ್ಷೆ ಅಂತಿಮವಾಗುವ ಮುನ್ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಗೀಚಿ, ಖಾಲಿ ಡಬ್ಬಗಳನ್ನಿಟ್ಟು ಇಡೀ ಕೆಲಸವನ್ನು ಅಭಿನಯಿಸಿ ನೋಡಿ. ಅರ್ಧ ತಾಸಿನ ಈ ಕಸರತ್ತು ವರ್ಷಗಳ ಬೆನ್ನುನೋವನ್ನು ತಪ್ಪಿಸುತ್ತದೆ.

ಹೆಜ್ಜೆ 3: ಮೇಜು, ಕುರ್ಚಿ, ಬೆಳಕು

60 ಸೆಂಟಿಮೀಟರ್ ಅಗಲದ ದುಂಡು ಮೇಜುಗಳೇ ಸಾಕು. ಇಬ್ಬರಿಗೆ ಒಂದು, ನಾಲ್ವರು ಬಂದರೆ ಎರಡನ್ನು ಜೋಡಿಸಿ. ಒಂದು ಗೋಡೆಯುದ್ದಕ್ಕೂ ಬೆನ್ನಾಸರೆಯ ಬೆಂಚು ಹಾಕಿದರೆ ಜಾಗವೂ ಉಳಿಯುತ್ತದೆ, ಒಂಟಿಯಾಗಿ ಬಂದವರಿಗೆ ಕೋಣೆಯನ್ನೆಲ್ಲ ನೋಡುತ್ತ ಕೂರುವ ಸುಖವೂ ಸಿಗುತ್ತದೆ. ಹೊರಗಿನ ಕುರ್ಚಿಗಳನ್ನು ಬೀದಿಗೆ ಮುಖ ಮಾಡಿಸಿ. ಪ್ಯಾರಿಸ್ಸಿನಲ್ಲಿ ಅಕ್ಕಪಕ್ಕ ಕುಳಿತು ದಾರಿಹೋಕರನ್ನು ನೋಡುವುದೇ ಅರ್ಧ ಆನಂದ.

ಬಾಗಿಸಿದ ಮರದ ಕುರ್ಚಿ ಈ ಬಗೆಯ ಕೆಫೆಗಳ ಗುರುತಾಗಿದೆ. 1859ರ ಥೊನೆಟ್ ಕಂಪನಿಯ 14ನೆಯ ಸಂಖ್ಯೆಯ ಕುರ್ಚಿ ಅದರ ಮೂಲ. ಹುಟ್ಟಿದ್ದು ಆಸ್ಟ್ರಿಯಾದಲ್ಲಿ, ನೆಲೆಸಿದ್ದು ಯೂರೋಪಿನ ಎಲ್ಲ ಕೆಫೆಗಳಲ್ಲಿ. ಹಬೆಯಲ್ಲಿ ಬಾಗಿಸಿದ ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಹಗುರ, ಗಟ್ಟಿ, ಸಡಿಲವಾದರೆ ಸ್ಕ್ರೂ ಬಿಗಿಗೊಳಿಸಿದರಾಯಿತು. ಅದೇ ಮಾದರಿಯ ಯಾವ ಕುರ್ಚಿಯನ್ನು ಕೊಂಡರೂ ಈ ಗುಣವಿದೆಯೇ ಎಂದು ತಿರುಗಿಸಿ ನೋಡಿ. ಅಂಟಿನಿಂದ ಮಾತ್ರ ಕೂಡಿಸಿದ್ದನ್ನು ಕೊಳ್ಳಬೇಡಿ.

ಇಡೀ ಕೋಣೆಯನ್ನು ಹಗಲಿನಿಂದ ರಾತ್ರಿಗೆ ದಾಟಿಸುವುದು ಬೆಳಕು. 2700 ಕೆಲ್ವಿನ್‌ನ ಬೆಚ್ಚನೆಯ ಬಲ್ಬುಗಳನ್ನೇ ಎಲ್ಲೆಡೆ ಹಾಕಿ, ಎಲ್ಲಕ್ಕೂ ಮಂದಗೊಳಿಸುವ ಸ್ವಿಚ್ ಜೋಡಿಸಿ. ಬೆಳಕನ್ನು ಮೂರು ಗುಂಪು ಮಾಡಿ: ಕೌಂಟರಿನದು, ಗೋಡೆಯದು, ಮೇಜುಗಳ ಮೇಲಿನದು. ಸಂಜೆ ಐದಕ್ಕೆ ಒಮ್ಮೆ, ಏಳಕ್ಕೆ ಒಮ್ಮೆ, ಒಂಬತ್ತಕ್ಕೆ ಒಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸಿ, ಕುಳಿತವರಿಗೆ ಗೊತ್ತೇ ಆಗದಂತೆ. ಒಂದೇ ಏಟಿಗೆ ದೀಪ ಮಂಕಾದರೆ ಓದುತ್ತಿದ್ದವರು ತಲೆಯೆತ್ತುತ್ತಾರೆ, ತಮ್ಮ ಹೊತ್ತು ಮುಗಿಯಿತೆಂದು ಎದ್ದುಬಿಡುತ್ತಾರೆ. ಬೆಳಗಿನ ಗಿರಾಕಿ ಸಂಜೆಯ ಗಿರಾಕಿಯಾಗುವ ಕ್ಷಣವನ್ನು ಹಾಗೆ ಕಳೆದುಕೊಳ್ಳಬಾರದು.

ಹೆಜ್ಜೆ 4: ಬೆಳಗಿನ ಪಾಳಿ

ಕಾಫಿಯ ವಿಷಯದಲ್ಲಿ ಫ್ರಾನ್ಸನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಅಲ್ಲಿನ ಹಳೆಯ ಕೆಫೆಗಳಲ್ಲಿ ರೊಬಸ್ಟಾ ಬೆರೆಸಿ ಕಡುಕಪ್ಪಾಗಿ ಹುರಿದ ಕಾಫಿ ಮಾಮೂಲು, ಕಹಿಯೇ ಹೆಚ್ಚು. ಆಕಾರವನ್ನು ಅಲ್ಲಿಂದ ತನ್ನಿ, ಬೀಜವನ್ನು ನಿಮ್ಮ ನಾಲಿಗೆಗೆ ಒಪ್ಪುವುದನ್ನೇ ಆರಿಸಿ. 18 ಗ್ರಾಂ ಪುಡಿಯಿಂದ 25–30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಎಸ್ಪ್ರೆಸೊ ಇಳಿಸುವುದು ಆರಂಭದ ಅಳತೆ. ಹೊಸ ಚೀಲ ಒಡೆದಾಗ, ಹವೆ ಬದಲಾದಾಗ ಬೀಸುವ ಹದವನ್ನು ತಿದ್ದುತ್ತಿರಬೇಕು. ಪಟ್ಟಿಯಲ್ಲಿ ಎಸ್ಪ್ರೆಸೊ, ಚಮಚೆಯಷ್ಟು ಹಾಲಿನ ನೊರೆ ಸೇರಿಸಿದ ನ್ವಾಜ಼ೆತ್, ನೀರು ಹೆಚ್ಚಾದ ಅಲಾಂಜೆ, ಹಾಲಿನ ಕಾಫೆ ಕ್ರೆಮ್. ಇಷ್ಟು ಸಾಕು.

ಕ್ರುವಾಸಾಂ ನೀವೇ ಮಾಡಬೇಕೆ? ಸಣ್ಣ ಅಡುಗೆಮನೆಯಿದ್ದರೆ ಬೇಡ ಎನ್ನುತ್ತೇನೆ. ಹಿಟ್ಟನ್ನೂ ಬೆಣ್ಣೆಯನ್ನೂ ಮೂರು ಸಲ ಮೂರು ಮಡಿಕೆ ಹಾಕಿ 27 ಬೆಣ್ಣೆಪದರ ಎಬ್ಬಿಸಲು ತಣ್ಣನೆಯ ಕೋಣೆ, ಲಟ್ಟಿಸುವ ಯಂತ್ರ, ನಸುಕಿಗೇ ಏಳುವ ನುರಿತ ಕೈ ಎಲ್ಲವೂ ಬೇಕು. ಉಬ್ಬಲು ಇಟ್ಟ ಜಾಗ 27 ಡಿಗ್ರಿ ದಾಟಿತೆಂದರೆ ಬೆಣ್ಣೆ ಸೋರಲು ಶುರು, ಪದರಗಳು ಒಂದಕ್ಕೊಂದು ಅಂಟಿಕೊಂಡು ಬ್ರೆಡ್ಡಿನಂತಾಗುತ್ತದೆ. ಒಳ್ಳೆಯ ಬೇಕರಿಯಿಂದ ಶುದ್ಧ ಬೆಣ್ಣೆಯಲ್ಲಿ ಮಾಡಿದ, ಬೇಯಿಸದೆ ಶೈತ್ಯೀಕರಿಸಿದ ಕ್ರುವಾಸಾಂ ತರಿಸಿ, ನಿಮ್ಮ ಒಲೆಯಲ್ಲಿ ಬೇಯಿಸಿ. ಪೊಟ್ಟಣದ ಮೇಲೆ ಮಾರ್ಗರಿನ್ ಅಥವಾ ವನಸ್ಪತಿ ಎಂದಿದ್ದರೆ ಮರಳಿಸಿಬಿಡಿ. ಬೆಳಿಗ್ಗೆ ಏಳೂವರೆಗೆ ಬೀದಿಗೆ ಹರಡುವ ಬೆಣ್ಣೆಯ ಘಮ ಯಾವ ಜಾಹೀರಾತಿಗಿಂತಲೂ ದೊಡ್ಡದು.

ಹೆಜ್ಜೆ 5: ಸಣ್ಣ ಅಡುಗೆಮನೆ, ಒಂದಕ್ಕೊಂದು ಹೆಣೆದ ಪಟ್ಟಿ

ಎಂಟು ತಿನಿಸುಗಳಿಗಿಂತ ಹೆಚ್ಚು ಬೇಡ. ಅವುಗಳನ್ನು ಆರಿಸುವಾಗ ಒಂದರ ಉಳಿಕೆ ಇನ್ನೊಂದರ ಸಾಮಗ್ರಿಯಾಗುವಂತೆ ನೋಡಿಕೊಳ್ಳಿ. ಫ್ರೆಂಚ್ ಮನೆಯಡುಗೆ ಈ ಜಾಣ್ಮೆಯ ಮೇಲೆಯೇ ನಿಂತಿದೆ. ನಿನ್ನೆಯ ಕ್ರುವಾಸಾಂ ಸೀಳಿ, ಪಾಕದಲ್ಲಿ ಅದ್ದಿ, ಬಾದಾಮಿ ಕ್ರೀಮ್ ತುಂಬಿ ಮತ್ತೆ ಬೇಯಿಸಿದರೆ ಬಾದಾಮಿ ಕ್ರುವಾಸಾಂ. ಒಣಗಿದ ಬ್ರೆಡ್ಡು ಹಾಲು-ಮೊಟ್ಟೆಯಲ್ಲಿ ನೆನೆದು ಪ್ಯಾಂ ಪೆರ್ದ್ಯೂ ಆಗುತ್ತದೆ, ಇಲ್ಲವೇ ಈರುಳ್ಳಿ ಸೂಪಿನ ಮೇಲೆ ಚೀಸ್ ಹೊತ್ತು ಕೂರುತ್ತದೆ. ಮೇಲೆ ಸಕ್ಕರೆ ಸುಟ್ಟ ಕಸ್ಟರ್ಡ್ ಆದ ಕ್ರೆಮ್ ಬ್ರೂಲೆಗೆ ಮೊಟ್ಟೆಯ ಹಳದಿ ಬೇಕು. ಉಳಿದ ಬಿಳಿಭಾಗದಲ್ಲಿ, ಕಂದುಬಣ್ಣಕ್ಕೆ ಕಾಯಿಸಿದ ಬೆಣ್ಣೆ ಮತ್ತು ಬಾದಾಮಿ ಪುಡಿ ಸೇರಿಸಿ ಫಿನಾನ್ಸಿಯೆ ಎಂಬ ಪುಟ್ಟ ಕೇಕುಗಳನ್ನು ಮಾಡಬಹುದು. ಮಿಕ್ಕಿದ್ದು ಸಂಜೆ ಶೇಕರಿಗೆ (ಪಾನೀಯ ಕುಲುಕುವ ಪಾತ್ರೆ) ಹೋಗಿ ಕಾಕ್‌ಟೇಲಿಗೆ ರೇಷ್ಮೆಯಂಥ ನೊರೆ ಕೊಡುತ್ತದೆ. ಹಿಂಡುವ ಮುನ್ನ ನಿಂಬೆಯ ಸಿಪ್ಪೆಯನ್ನು ತೆಳ್ಳಗೆ ಹೆರೆದು ಸಕ್ಕರೆಯಲ್ಲಿ ಕಲಸಿಟ್ಟರೆ ಕೆಲವೇ ಗಂಟೆಗಳಲ್ಲಿ ಅದರ ಎಣ್ಣೆಯೆಲ್ಲ ಸಕ್ಕರೆಗಿಳಿದು ಪರಿಮಳದ ಪಾಕ ಸಿದ್ಧ.

ಈ ಪಟ್ಟಿಯ ಹಿರಿಯಣ್ಣ ಕ್ರೋಕ್ ಮಸ್ಯೂ. ಬಿಸಿ ಸ್ಯಾಂಡ್‌ವಿಚ್ ಎಂದು ಕಡೆಗಣಿಸಬೇಡಿ, ಬೆಳಗಿನ ಹನ್ನೊಂದಕ್ಕೂ ರಾತ್ರಿಯ ಹತ್ತಕ್ಕೂ ಸಲ್ಲುವ ತಿನಿಸು ಇದೊಂದೇ. ಮೊದಲು ಬೆಷಾಮೆಲ್ ಎಂಬ ಬಿಳಿ ಸಾಸ್: 50 ಗ್ರಾಂ ಬೆಣ್ಣೆ ಕರಗಿಸಿ, 50 ಗ್ರಾಂ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಕೈಯಾಡಿಸಿ. ಅರ್ಧ ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಗಂಟಿಲ್ಲದಂತೆ ಕಲಕಿ, ಉಪ್ಪು, ಕರಿಮೆಣಸು, ತುರಿದ ಜಾಯಿಕಾಯಿ ಸೇರಿಸಿ. ಚಮಚೆಯ ಬೆನ್ನಿಗೆ ದಪ್ಪನಾಗಿ ಅಂಟಬೇಕು. ತಣ್ಣಗಾದ ಮೇಲೆ ಬ್ರೆಡ್ಡಿಗೆ ಸವರಿದರೆ ಅದು ಜಾರುವುದಿಲ್ಲ; ಬಿಸಿಯಾಗಿ ಸವರಿದರೆ ಬ್ರೆಡ್ಡು ನೆನೆದು ಮೆತ್ತಗಾಗುತ್ತದೆ. ಒಳಗೆ ಹ್ಯಾಮ್ ಮತ್ತು ತುರಿದ ಗ್ರುಯೆರ್ ಚೀಸ್, ಮೇಲೆ ಇನ್ನೊಂದು ಪದರ ಬೆಷಾಮೆಲ್, ಅದರ ಮೇಲೆ ಮತ್ತೆ ಚೀಸ್. 200 ಡಿಗ್ರಿ ಒಲೆಯಲ್ಲಿ ಅಂಚು ಕಂದಾಗಿ, ಮೇಲ್ಮೈಯಲ್ಲಿ ಗುಳ್ಳೆಯೆದ್ದು ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವವರೆಗೆ ಬೇಯಿಸಿ. ಮಾಂಸ ತಿನ್ನದವರಿಗೆ ಹ್ಯಾಮ್ ಜಾಗದಲ್ಲಿ ಬೆಣ್ಣೆಯಲ್ಲಿ ನೀರಾರುವಂತೆ ಹುರಿದ ಅಣಬೆ. ಬೆಷಾಮೆಲ್ ಬೆಳಿಗ್ಗೆಯೇ ಮಾಡಿ ಫ್ರಿಜ್‌ನಲ್ಲಿಟ್ಟರೆ ರಾತ್ರಿ ಒಬ್ಬರೇ ಇಡೀ ಅಡುಗೆಮನೆ ನಡೆಸಬಹುದು.

ಹೆಜ್ಜೆ 6: ನಾಲ್ಕರಿಂದ ಏಳರ ನಡುವಿನ ಸೇತುವೆ

ಕೆಫೆ-ಬಾರ್‌ಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಸಂಜೆಯವರೆಗೆ ಕೋಣೆ ಖಾಲಿ ಹೊಡೆಯುತ್ತದೆ, ಸಿಬ್ಬಂದಿ ಗೋಡೆಗೊರಗುತ್ತಾರೆ, ಹೊರಗಿನಿಂದ ನೋಡಿದವರಿಗೆ ಅಂಗಡಿ ಮುಚ್ಚಿದಂತೆ ಕಾಣುತ್ತದೆ. ಫ್ರೆಂಚರು ಈ ಹೊತ್ತಿಗೆ ಕಂಡುಕೊಂಡ ಉಪಾಯವೇ ಅಪೆರಿತಿಫ್: ಊಟಕ್ಕೆ ಮುಂಚೆ ಹಸಿವು ಕೆರಳಿಸಲು ಕುಡಿಯುವ ಹಗುರವಾದ, ತುಸು ಕಹಿಯಾದ ಪಾನೀಯ, ಜೊತೆಗೆ ಬಾಯಾಡಿಸಲು ಉಪ್ಪಿನದೇನಾದರೂ.

ನಿಮ್ಮ ಬಾರ್ ಬೇರೆ ಬಾರ್‌ಗಳಿಗಿಂತ ಭಿನ್ನವಾಗಿ ಕಾಣಬೇಕಾದರೆ ಗಮನ ಕೊಡಬೇಕಾದ್ದು ಈ ವಿಭಾಗಕ್ಕೆ. ಕೊಳ್ಳಬೇಕಾದ ಸೀಸೆಗಳು ಕೆಲವೇ. ಬಿಳಿ ಒಣ (ಅಂದರೆ ಸಿಹಿಯಿಲ್ಲದ) ವರ್ಮೂತ್. ಮೆಡಿಟರೇನಿಯನ್ ದಡದ ಮಾರ್ಸೆಯಾನ್ ಊರಿನ ನ್ವಾಯಿ ಪ್ರಾ ಇದರಲ್ಲಿ ಹೆಸರಾಂತದ್ದು. ಬೋರ್ದೊ ಬಳಿಯ ಪೊದೆನ್ಸಾಕ್‌ನಲ್ಲಿ 1872ರಲ್ಲಿ ಶುರುವಾದ ಕಂಪನಿ ತಯಾರಿಸುವ, ಕಿತ್ತಳೆಯ ಘಮದ ಲಿಲ್ಲೆ. ಜೆನ್ಷಿಯನ್ ಬೇರಿನಿಂದ ತೆಗೆದ, ಹಳದಿ ಬಣ್ಣದ ಕಹಿ ಸೂಜ಼್. ಕಪ್ಪು ಕರಂಟ್ ಹಣ್ಣಿನ ಸಿಹಿ ಮದ್ಯವಾದ ಕ್ರೆಮ್ ದ ಕಸೀಸ್. ಸೋಂಪಿನ ವಾಸನೆಯ ಮದ್ಯವಾದ ಪಾಸ್ತಿಸ್ ಒಂದು. ಲಿಲ್ಲೆಯನ್ನು ಐಸ್ ಮೇಲೆ ಸುರಿದು ಟಾನಿಕ್ ಬೆರೆಸಿ, ಸೌತೆಕಾಯಿಯ ಒಂದು ಸೀಳು ಇಟ್ಟರೆ ಒಂದು ಪಾನೀಯ. 60 ಮಿಲಿ ಒಣ ವರ್ಮೂತ್‌ಗೆ 15 ಮಿಲಿ ಕಸೀಸ್, ಮೇಲೆ ಸೋಡಾ ಹಾಕಿದರೆ ಇನ್ನೊಂದು. 15 ಮಿಲಿ ಕಸೀಸ್ ಮೇಲೆ ತಣ್ಣನೆಯ ಒಣ ಬಿಳಿ ವೈನ್ ಸುರಿದರೆ ಕೀರ್. 1945ರಿಂದ 1968ರವರೆಗೆ ದಿಜ಼ೋಂ ನಗರದ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕೀರ್ ಬಂದ ಅತಿಥಿಗಳಿಗೆಲ್ಲ ಇದನ್ನೇ ಕೊಡುತ್ತಿದ್ದ ಕಾರಣ ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ವೈನಿನ ಬದಲು ಶಾಂಪೇನ್ ಹಾಕಿದರೆ ಕೀರ್ ರೊಯಾಲ್. ಸಿಹಿ ಹೆಚ್ಚಾಗದಂತೆ ನೋಡಿಕೊಳ್ಳಿ, ಕಸೀಸ್ ವೈನಿಗೆ ಬಣ್ಣ ತರಬೇಕೇ ಹೊರತು ಅದನ್ನು ಮುಳುಗಿಸಬಾರದು.

ಪಾಸ್ತಿಸ್ ಬಡಿಸುವ ಕ್ರಮವನ್ನು ಮಾತ್ರ ಸಿಬ್ಬಂದಿಗೆ ಕೂರಿಸಿ ಕಲಿಸಿ. 1915ರಲ್ಲಿ ಫ್ರಾನ್ಸ್ ಅಬ್ಸಿಂತ್ ಮದ್ಯವನ್ನು ನಿಷೇಧಿಸಿದ ಮೇಲೆ ಅದರ ಜಾಗ ತುಂಬಿದ್ದು ಇದು. ಪಾಲ್ ರಿಕಾರ್ 1932ರಲ್ಲಿ ತಮ್ಮದನ್ನು ಮಾರುಕಟ್ಟೆಗೆ ತಂದರು. ಎತ್ತರದ ಗ್ಲಾಸಿಗೆ 20–25 ಮಿಲಿ ಪಾಸ್ತಿಸ್ ಹಾಕಿ, ತಣ್ಣೀರಿನ ಪುಟ್ಟ ಹೂಜಿಯೊಂದಿಗೆ ಗಿರಾಕಿಯ ಮುಂದಿಡಿ. ನೀರನ್ನು ಅವರೇ ಸುರಿದುಕೊಳ್ಳಲಿ, ಒಂದಕ್ಕೆ ಐದು ಪಾಲು. ನೀರು ತಾಗುತ್ತಲೇ ಚಿನ್ನದ ಬಣ್ಣದ ಪಾರದರ್ಶಕ ದ್ರವ ಹಾಲಿನಂತೆ ಕದಡಿ ಹಳದಿ ಮಂಜಾಗುತ್ತದೆ. ಸೋಂಪಿನ ವಾಸನೆ ಕೊಡುವ ಅನೆಥೋಲ್ ಎಂಬ ಎಣ್ಣೆ ಮದ್ಯದಲ್ಲಿ ಕರಗಿರುತ್ತದೆ. ನೀರು ಹೆಚ್ಚಾದಾಗ ಕರಗಿ ಉಳಿಯಲಾರದೆ ಸಣ್ಣ ಸಣ್ಣ ಹನಿಗಳಾಗಿ ಬೇರ್ಪಡುತ್ತದೆ, ಮಂಜು ಅದೇ. ಐಸ್ ಬೇಕೆಂದವರಿಗೆ ನೀರು ಸುರಿದಾದ ಮೇಲೆ ಹಾಕಿ. ಮೊದಲೇ ಹಾಕಿದರೆ ಎಣ್ಣೆ ಹರಳುಗಟ್ಟಿ ಮೇಲೆ ತೇಲುತ್ತದೆ.

ಜೊತೆಗೆ ಕೊಡಲು ಆಲಿವ್, ಮೂಲಂಗಿ-ಬೆಣ್ಣೆ-ಉಪ್ಪು, ಚೀಸ್ ಬೆರೆಸಿದ ಪುಟ್ಟ ಗುಜೆರ್ ಉಂಡೆಗಳು. ಮೊದಲ ತಟ್ಟೆ ಆಲಿವ್‌ಗೆ ಹಣ ಕೇಳಬೇಡಿ. ಒಂದು ವಿಷಯ ನೆನಪಿರಲಿ: ವರ್ಮೂತ್ ಮತ್ತು ಲಿಲ್ಲೆ ಮೂಲತಃ ವೈನ್. ಸೀಸೆ ಒಡೆದ ಮೇಲೆ ಫ್ರಿಜ್‌ನಲ್ಲೇ ಇಡಬೇಕು, ತೆರೆದ ದಿನಾಂಕ ಬರೆದಂಟಿಸಬೇಕು, ತಿಂಗಳೊಳಗೆ ಮುಗಿಸಬೇಕು. ಕಪಾಟಿನಲ್ಲಿ ಧೂಳು ಹಿಡಿದ ವರ್ಮೂತ್ ಸೀಸೆ ಕಂಡ ಬಾರ್‌ನಲ್ಲಿ ನಾನು ಕಾಕ್‌ಟೇಲ್ ಕೇಳುವುದಿಲ್ಲ.

ಹೆಜ್ಜೆ 7: ಕಾಕ್‌ಟೇಲ್ ಪಟ್ಟಿ

ಎಂಟೇ ಪಾನೀಯಗಳು. ಎರಡು ಗುಳ್ಳೆಯವು, ಎರಡು ನಿಂಬೆಹುಳಿಯವು, ಎರಡು ಗಟ್ಟಿ, ಒಂದು ಹಗುರ, ಒಂದು ಋತುವಿಗೆ ತಕ್ಕಂತೆ ಬದಲಾಗುವಂಥದ್ದು. ಗುಳ್ಳೆಯದರಲ್ಲಿ ಫ್ರೆಂಚ್ 75 ಇರಲೇಬೇಕು. ಫ್ರೆಂಚ್ ಸೇನೆಯ 75 ಮಿಲಿಮೀಟರ್ ಫಿರಂಗಿಯ ಹೆಸರು ಹೊತ್ತ ಇದಕ್ಕೆ 30 ಮಿಲಿ ಜಿನ್, 15 ಮಿಲಿ ನಿಂಬೆರಸ, 15 ಮಿಲಿ ಸಕ್ಕರೆ ಪಾಕ (ಸಮ ತೂಕದ ಸಕ್ಕರೆ ಮತ್ತು ನೀರು) ಬೇಕು. ಮೂರನ್ನೂ ಐಸಿನೊಂದಿಗೆ ಹತ್ತು ಸೆಕೆಂಡು ಜೋರಾಗಿ ಕುಲುಕಿ, ಮೊದಲೇ ತಣ್ಣಗಾದ ಗ್ಲಾಸಿಗೆ ಸೋಸಿ. ಮೇಲೆ 60–75 ಮಿಲಿ ಶಾಂಪೇನನ್ನು ಗ್ಲಾಸಿನ ಗೋಡೆಗೆ ತಾಗುವಂತೆ ನಿಧಾನವಾಗಿ ಸುರಿಯಿರಿ. ಚಮಚೆಯಿಂದ ಒಮ್ಮೆ ಮಾತ್ರ ಮೇಲೆತ್ತಿ, ಕಲಕುತ್ತ ಹೋದರೆ ಗುಳ್ಳೆಗಳೆಲ್ಲ ಹಾರಿಹೋಗುತ್ತವೆ. ಕೊನೆಗೆ ಉದ್ದನೆಯ ನಿಂಬೆಸಿಪ್ಪೆಯನ್ನು ಮೇಲ್ಮೈ ಮೇಲೆ ಹಿಂಡಿ. ಶಾಂಪೇನ್ ದುಬಾರಿ ಎನಿಸಿದರೆ ಫ್ರಾನ್ಸಿನದೇ ಬೇರೆ ಸೀಮೆಗಳ ಒಣ ಗುಳ್ಳೆಯ ವೈನ್ ಆದ ಕ್ರೆಮಾಂ ಬಳಸಿ. ಪಟ್ಟಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ.

ಹುಳಿಯದರಲ್ಲಿ ಸೈಡ್‌ಕಾರ್: 50 ಮಿಲಿ ಕೊನ್ಯಾಕ್, 25 ಮಿಲಿ ಕ್ವಾಂಟ್ರೊ (ಕಿತ್ತಳೆಯ ಸಿಹಿ ಮದ್ಯ), 20 ಮಿಲಿ ನಿಂಬೆರಸ. ಗಟ್ಟಿಯದರಲ್ಲಿ ಬುಲ್ವಾರ್ಡಿಯೆ: 45 ಮಿಲಿ ಬರ್ಬನ್, 30 ಮಿಲಿ ಕಾಂಪಾರಿ, 30 ಮಿಲಿ ಸಿಹಿ ಕೆಂಪು ವರ್ಮೂತ್. ಪ್ಯಾರಿಸ್ಸಿನಲ್ಲಿ 1911ರಲ್ಲಿ ಶುರುವಾದ ಹ್ಯಾರೀಸ್ ನ್ಯೂಯಾರ್ಕ್ ಬಾರ್‌ನ ನಂಟು ಇದಕ್ಕಿದೆ. ಅಮೆರಿಕನ್ನರ ವಿಸ್ಕಿ, ಇಟಲಿಯ ಕಹಿ, ಪ್ಯಾರಿಸ್ಸಿನ ಹೆಸರು, ಮೂರೂ ಒಂದೇ ಗ್ಲಾಸಿನಲ್ಲಿ. ಹಸಿರು ಚಾರ್ತ್ರೂಸ್ ಬಗ್ಗೆ ಒಂದು ಎಚ್ಚರಿಕೆ. 130 ಗಿಡಮೂಲಿಕೆಗಳ, ಶೇ 55ರಷ್ಟು ಮದ್ಯಾಂಶದ ಈ ಅದ್ಭುತ ಪಾನೀಯವನ್ನು ತಯಾರಿಸುವ ಮಠದ ಸನ್ಯಾಸಿಗಳು ಉತ್ಪಾದನೆ ಹೆಚ್ಚಿಸದಿರಲು ತೀರ್ಮಾನಿಸಿದ್ದಾರೆ. ಸಿಕ್ಕಾಗ ಕೊಳ್ಳಿ, ಊಟದ ನಂತರ ಪುಟ್ಟ ಗ್ಲಾಸಿನಲ್ಲಿ ಕೊಡಿ. ಖಾಯಂ ಪಟ್ಟಿಯ ಪಾನೀಯವನ್ನು ಅದರ ಮೇಲೆ ನಿಲ್ಲಿಸಬೇಡಿ.

ಕುಲುಕುವುದೋ ಕಲಕುವುದೋ ಎಂಬ ಗೊಂದಲಕ್ಕೆ ಉತ್ತರ ಸರಳ. ಹಣ್ಣಿನ ರಸ, ಕ್ರೀಮ್, ಮೊಟ್ಟೆ ಇದ್ದರೆ ಕುಲುಕಿ. ಬರೀ ಮದ್ಯ-ವರ್ಮೂತ್ ಆದರೆ ದೊಡ್ಡ ಗ್ಲಾಸಿನಲ್ಲಿ ಐಸ್ ತುಂಬಿ ಚಮಚೆಯಿಂದ ಸುಮಾರು ಅರ್ಧ ನಿಮಿಷ ಕಲಕಿ. ಸಿದ್ಧವಾದ ಕಾಕ್‌ಟೇಲಿನ ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಐಸ್ ಕರಗಿದ ನೀರೇ. ಹಾಗಾಗಿ ಐಸ್ ಕೂಡ ಒಂದು ಸಾಮಗ್ರಿ. ಒದ್ದೆಯಾದ, ಅಂಚು ಕರಗಿದ ಐಸ್ ಪಾನೀಯ ತಣ್ಣಗಾಗುವ ಮೊದಲೇ ಅದನ್ನು ನೀರು ಮಾಡುತ್ತದೆ. ಫ್ರೀಜರಿನಿಂದ ನೇರ ತೆಗೆದ ಗಟ್ಟಿ ಚೌಕಗಳನ್ನು ಬಳಸಿ, ಸೋಸಿದ ನೀರಿನಲ್ಲಿ ಮಾಡಿ, ಮೀನು-ಮಾಂಸದ ಜೊತೆ ಇಡಬೇಡಿ. ವಾಸನೆಯನ್ನು ಐಸ್ ಹೀರಿಕೊಳ್ಳುತ್ತದೆ. ನಿಂಬೆರಸ ಸಂಜೆ ಬಾರ್ ತೆರೆಯುವ ಮುನ್ನ ಹಿಂಡಿದ್ದಾಗಿರಬೇಕು, ರಾತ್ರಿ ಉಳಿದದ್ದನ್ನು ಮರುದಿನದ ಶೇಕರಿಗೆ ಹಾಕಬಾರದು. ಅಳತೆಯ ಬಟ್ಟಲಿಲ್ಲದೆ ಯಾರೂ ಸುರಿಯಬಾರದು, ಎಷ್ಟೇ ಪಳಗಿದ ಕೈಯಾದರೂ.

ಬುಲ್ವಾರ್ಡಿಯೆಯಂಥ ರಸವಿಲ್ಲದ ಪಾನೀಯಗಳನ್ನು ಮಧ್ಯಾಹ್ನವೇ ಒಂದು ಲೀಟರಿನಷ್ಟು ಬೆರೆಸಿ ಸೀಸೆಗೆ ತುಂಬಿ ಫ್ರಿಜ್‌ನಲ್ಲಿಡಿ. ರಾತ್ರಿ ಎಂಟಕ್ಕೆ ಒಮ್ಮೆಲೇ ಆರು ಜನ ಬಂದಾಗ ಇದರ ಬೆಲೆ ತಿಳಿಯುತ್ತದೆ: ಕೈ ಬಿಡುವಾಗಿದ್ದರೆ ಕಣ್ಣು ಗಿರಾಕಿಯ ಮೇಲಿರುತ್ತದೆ.

ಹೆಜ್ಜೆ 8: ಕುಡಿಯದವರಿಗೂ ಅಷ್ಟೇ ಆದರ

ಮದ್ಯ ಮುಟ್ಟದವರಿಗೆ ಡಬ್ಬದ ಜ್ಯೂಸ್ ಕೊಟ್ಟು ಕೈತೊಳೆದುಕೊಳ್ಳುವುದು ಅವಮಾನ. ಫ್ರೆಂಚ್ ಕೆಫೆಯಲ್ಲೇ ಇದಕ್ಕೆ ಹಳೆಯ ಉತ್ತರಗಳಿವೆ. ಸಿಟ್ರೋಂ ಪ್ರೆಸ್ಸೆ: ಉದ್ದ ಗ್ಲಾಸಿನಲ್ಲಿ ಆಗಷ್ಟೇ ಹಿಂಡಿದ ನಿಂಬೆರಸ, ಪಕ್ಕದಲ್ಲಿ ನೀರಿನ ಹೂಜಿ, ಸಕ್ಕರೆ, ಉದ್ದನೆಯ ಚಮಚೆ. ಹುಳಿ-ಸಿಹಿಯ ಹದ ಕುಡಿಯುವವರ ಕೈಯಲ್ಲಿ. ದ್ಯಾಬೊಲೊ: ಗುಳ್ಳೆಯ ನಿಂಬೆ ಪಾನೀಯಕ್ಕೆ ಪುದೀನ ಅಥವಾ ಹಣ್ಣಿನ ಪಾಕ. ಇವನ್ನು ಪಟ್ಟಿಯ ತಳದಲ್ಲಿ ಸಣ್ಣಕ್ಷರದಲ್ಲಿ ಬರೆಯದೆ ಕಾಕ್‌ಟೇಲುಗಳ ಪಕ್ಕದಲ್ಲೇ ಬರೆಯಿರಿ, ಅದೇ ಚಂದದ ಗ್ಲಾಸಿನಲ್ಲೇ ಕೊಡಿ. ಕುಡಿಯುವ ನೀರು ಕೇಳುವ ಮೊದಲೇ ಮೇಜಿಗೆ ಬರಲಿ.

ಹೆಜ್ಜೆ 9: ಲೆಕ್ಕ

ಪ್ರತಿ ಪಾನೀಯದ ಸಾಮಗ್ರಿ ವೆಚ್ಚವನ್ನು ಮಿಲಿಲೀಟರ್ ಲೆಕ್ಕದಲ್ಲಿ ತೆಗೆಯಿರಿ, ಸಿಪ್ಪೆ, ಐಸ್, ಸೋರಿಕೆ ಎಲ್ಲ ಸೇರಿಸಿ. ಕಾಕ್‌ಟೇಲಿನಲ್ಲಿ ಸಾಮಗ್ರಿಯ ಪಾಲು ಮಾರಾಟ ಬೆಲೆಯ ಶೇ 20ರ ಆಸುಪಾಸು, ತಿನಿಸಿನಲ್ಲಿ ಶೇ 30ರ ಆಸುಪಾಸು ಇರುವಂತೆ ಬೆಲೆ ಕಟ್ಟುವುದು ಈ ವ್ಯಾಪಾರದ ರೂಢಿ. ಸಾಮಗ್ರಿ ಮತ್ತು ಸಂಬಳ ಎರಡೂ ಸೇರಿ ಒಟ್ಟು ಮಾರಾಟದ ಶೇ 65 ದಾಟಿದರೆ ಬಾಡಿಗೆ ಕಟ್ಟುವುದು ಕಷ್ಟವಾಗುತ್ತದೆ. ಫ್ರಾನ್ಸಿನ ಹಲವು ಕೆಫೆಗಳಲ್ಲಿ ಕೌಂಟರಿನಲ್ಲಿ ನಿಂತು ಕುಡಿದ ಕಾಫಿಗೆ ಕಡಿಮೆ ಬೆಲೆ, ಕುಳಿತು ಕುಡಿದದ್ದಕ್ಕೆ ಹೆಚ್ಚು. ಈ ಪದ್ಧತಿ ನನಗೆ ಬಹಳ ಇಷ್ಟ. ಕೈಯಲ್ಲಿ ಕಾಸು ಕಡಿಮೆ ಇರುವವರಿಗೂ ದಿನಕ್ಕೊಮ್ಮೆ ಒಳಬರುವ ದಾರಿ ತೆರೆದಿರುತ್ತದೆ, ಬೀದಿಯ ಎಲ್ಲ ಬಗೆಯ ಜನರೂ ಒಂದೇ ಕೌಂಟರಿಗೆ ಒರಗುತ್ತಾರೆ. ಎರಡೂ ದರವನ್ನು ಬಾಗಿಲಲ್ಲೇ ಬರೆದು ಹಾಕಿ.

ಹೆಜ್ಜೆ 10: ಸಿಬ್ಬಂದಿ, ನೆರೆಹೊರೆ, ಮೊದಲ ವಾರಗಳು

ಬೆಳಗಿನ ತಂಡ, ಸಂಜೆಯ ತಂಡ ಎಂದು ಪೂರ್ತಿ ಬೇರೆ ಮಾಡಬೇಡಿ. ಕನಿಷ್ಠ ಒಬ್ಬರ ಪಾಳಿ ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಇರಲಿ, ಕಾಫಿ ಇಳಿಸಲೂ ಕೀರ್ ಸುರಿಯಲೂ ಬರುವವರು. ಹಗಲಿನ ಮುಖವನ್ನು ಸಂಜೆ ಗುರುತಿಸಿ ಹೆಸರು ಹಿಡಿದು ಮಾತನಾಡಿಸುವವರು ಅವರೇ. ಎಲ್ಲರಿಗೂ ಎಲ್ಲ ಪಾನೀಯಗಳ ರುಚಿ ತೋರಿಸಿ. ಅತಿಯಾಗಿ ಕುಡಿದವರಿಗೆ ಮರ್ಯಾದೆಯಿಂದ ಇಲ್ಲವೆನ್ನುವುದನ್ನೂ ಅಭ್ಯಾಸ ಮಾಡಿಸಿ: ನೀರು ಮತ್ತು ಬ್ರೆಡ್ಡು ಮುಂದಿಟ್ಟು, ಮನೆಗೆ ಹೋಗಲು ಗಾಡಿ ಕರೆಸಿ. ಇದು ಮಾಲೀಕರ ಆದೇಶ ಎಂದು ಅವರು ಹೇಳಿಕೊಳ್ಳಲು ನಿಮ್ಮ ಹೆಸರನ್ನು ಧಾರಾಳವಾಗಿ ಬಳಸಲಿ.

ಮೇಲಿನ ಮಹಡಿಯಲ್ಲಿ ಮಲಗಿರುವವರು ನಿಮ್ಮ ಮೊದಲ ಗಿರಾಕಿಗಳು. ತೆರೆಯುವ ಮೊದಲೇ ಅವರ ಮನೆಗಳಿಗೆ ಹೋಗಿ ನಿಮ್ಮ ಫೋನ್ ಸಂಖ್ಯೆ ಕೊಟ್ಟು ಬನ್ನಿ. ಹೊರಗಿನ ಕುರ್ಚಿಗಳ ಕಾಲಿಗೆ ರಬ್ಬರ್ ಹಾಕಿಸಿ, ರಾತ್ರಿ ಅವುಗಳನ್ನು ಎಳೆಯದೆ ಎತ್ತಿಡಿ. ಖಾಲಿ ಸೀಸೆಗಳನ್ನು ತೊಟ್ಟಿಗೆ ಸುರಿಯುವ ಕೆಲಸ ಬೆಳಗಿನ ಪಾಳಿಯದಾಗಲಿ.

ಬಾಗಿಲು ತೆರೆದ ಮೊದಲ ಎರಡು ವಾರ ಬೆಳಗಿನ ಕಾಫಿ ಮತ್ತು ಅಪೆರಿತಿಫ್ ಮಾತ್ರ ನಡೆಸಿ, ಪ್ರಚಾರ ಬೇಡ. ಯಂತ್ರದ ಹದ, ಫ್ರಿಜ್‌ನ ಜಾಗ, ಯಾರು ಯಾವ ತುದಿಯಲ್ಲಿ ನಿಲ್ಲಬೇಕು ಎಂಬುದೆಲ್ಲ ಆ ಹೊತ್ತಿಗೆ ತಿಳಿಯಾಗುತ್ತದೆ. ಮೂರನೆಯ ವಾರ ಊಟ, ನಾಲ್ಕನೆಯ ವಾರ ಪೂರ್ತಿ ಕಾಕ್‌ಟೇಲ್ ಪಟ್ಟಿ. ಪ್ರತಿ ರಾತ್ರಿ ಮುಚ್ಚುವಾಗ ಯಾವ ತಟ್ಟೆಯಲ್ಲಿ ಏನು ಉಳಿಯಿತು, ಯಾವ ಗ್ಲಾಸು ಅರ್ಧಕ್ಕೇ ಮರಳಿತು, ಬೆಳಿಗ್ಗೆ ಬಂದವರಲ್ಲಿ ಯಾರು ಸಂಜೆಯೂ ಬಂದರು ಎಂದು ಬರೆದಿಡಿ. ತಿಂಗಳ ಕೊನೆಗೆ ಆ ಪುಸ್ತಕ ತೆರೆದು, ಯಾರೂ ಎರಡನೆಯ ಸಲ ಕೇಳದ ತಿನಿಸು-ಪಾನೀಯಗಳನ್ನು ಪಟ್ಟಿಯಿಂದ ತೆಗೆಯಿರಿ. ತೆಗೆದ ಜಾಗಕ್ಕೆ ತಕ್ಷಣ ಹೊಸದನ್ನು ತುಂಬಬೇಡಿ. ಇನ್ನೊಂದು ತಿಂಗಳು ಖಾಲಿ ಬಿಟ್ಟು, ಗಿರಾಕಿಗಳು ಏನು ಕೇಳುತ್ತಾರೆಂದು ಕೌಂಟರಿನ ಹಿಂದೆ ನಿಂತು ಕೇಳಿಸಿಕೊಳ್ಳಿ.